ಒಂಟಿ ಬ್ಯಾಗಿನ ಬೇಸಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಬೇಸಿಗೆ ನಮ್ಮ ಆಸ್ಪತ್ರೆಯಲ್ಲಿ ಬೇಡದವರ ಮೈಗೆ ಹರಿದ ರಕ್ತದಲ್ಲಿ ಒಂದು ಬ್ಯಾಗು ನನ್ನ ಬಾಯಿಂದ ಹರಿದದ್ದು. ನಾನು ಡಾಕ್ಟರಲ್ಲ, ರಕ್ತ ಹಾಕಿ ಎಂದು ಬರೆಯುವ ಅಧಿಕಾರ ನನಗಿಲ್ಲ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ರಕ್ತನಿಧಿಯಲ್ಲಿ ಟೆಕ್ನೀಷಿಯನ್. ರೋಗಿಯ ಗುಂಪು ನೋಡುವುದು, ಅವರ ರಕ್ತಕ್ಕೂ ಬ್ಯಾಗಿನ ರಕ್ತಕ್ಕೂ ಜಗಳವಿದೆಯೋ ಇಲ್ಲವೋ ಎಂದು ತಾಳೆ ನೋಡುವುದು, ಫ್ರಿಜ್ಜಿನಿಂದ ತೆಗೆದು ಕೊಡುವುದು, ಇಷ್ಟೇ ಕೆಲಸ. ಆದರೆ ದೇವರು ನನಗೆ ಸ್ವಂತ ದನಿಯ ಜೊತೆಗೆ ಊರಿನವರ ದನಿಯನ್ನೆಲ್ಲ ಕೊಟ್ಟುಬಿಟ್ಟಿದ್ದ. ಸ್ವಂತದ್ದನ್ನು ಬಳಸಿಕೊಂಡು ಸುಮ್ಮನಿರಬಹುದಿತ್ತು. ಇರಲಿಲ್ಲ.

ಮೊನ್ನೆ ನಮ್ಮ ಬಡಾವಣೆ ಆಲ್ಕೊಳದಲ್ಲೇ ಒಂದು ಮದುವೆ. ಊಟ ಮುಗಿಸಿ ಹೊರಡುವಾಗ ಬಾಗಿಲಲ್ಲಿ ನಿಂತಿದ್ದ ಹುಡುಗಿ ತಾಂಬೂಲ ಕೈಗಿಟ್ಟಳು. ಎರಡು ವೀಳ್ಯದೆಲೆ, ಎರಡು ಅಡಿಕೆ, ಒಂದು ತೆಂಗಿನಕಾಯಿ. ಎಲೆಯ ಆ ಹಸಿ ಖಾರದ ವಾಸನೆ ಮೂಗಿಗೆ ಹೊಡೆದದ್ದೇ ನಾನು ಅಲ್ಲೇ ನಗಲಿಕ್ಕೆ ಶುರು ಮಾಡಿದೆ.

“ಯಾಕಣ್ಣ, ಎಲೆ ಬಾಡಿದೆಯಾ?” ಅಂದಳು ಹುಡುಗಿ.

“ಇಲ್ಲಮ್ಮ. ಎರಡಿದೆ, ಅದಕ್ಕೆ.”

ಅವಳು ನನ್ನನ್ನು ನೋಡಿದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ. ಆ ಎರಡರ ಕತೆ ಅವಳಿಗೇನು ಗೊತ್ತು?

ತುಂಗೆಯ ನಡುವಿನ ಮಂಟಪ ಕಾಲಿನವರೆಗೂ ಬೆತ್ತಲೆಯಾಗಿ ನಿಂತಿದ್ದ ಬೇಸಿಗೆ ಅದು. ಮಳೆಗಾಲದಲ್ಲಿ ಆ ಮಂಟಪ ಮುಳುಗಿತೋ ಇಲ್ಲವೋ ಎಂದು ಇಡೀ ಊರು ಸೇತುವೆ ಮೇಲೆ ನಿಂತು ನೋಡುತ್ತದೆ. ಬೇಸಿಗೆಯಲ್ಲಿ ಅತ್ತ ಯಾರೂ ತಿರುಗುವುದಿಲ್ಲ. ರಕ್ತನಿಧಿಯವರ ಕತೆಯೂ ಹಾಗೇ. ಮಾರ್ಚ್ ಬಂತೆಂದರೆ ಕಾಲೇಜುಗಳಲ್ಲಿ ಪರೀಕ್ಷೆ, ಆಮೇಲೆ ರಜೆ. ರಕ್ತ ಕೊಡುವ ಹುಡುಗರು ಚದುರಿಹೋಗುತ್ತಾರೆ, ಶಿಬಿರಗಳು ನಿಲ್ಲುತ್ತವೆ, ಫ್ರಿಜ್ಜಿನ ಕೆಳಗಿನ ತಟ್ಟೆ ಮಂಟಪದ ಕಾಲಿನ ಹಾಗೆ ಬರಿದಾಗಿ ಕಾಣುತ್ತದೆ. ನಾನು ಬಾಗಿಲು ತೆಗೆದು, ಭದ್ರಾವತಿ ಬಸ್ಸಿನ ಕಂಡಕ್ಟರ್ ದನಿಯಲ್ಲಿ “ಒಳಗ್ ಹೋಗಿ, ಒಳಗ್ ಹೋಗಿ, ಇನ್ನೂ ಜಾಗ ಐತೆ” ಎಂದು ಕೂಗಿ ಮುಚ್ಚುತ್ತಿದ್ದೆ.

ಆ ಬರಗಾಲದಲ್ಲೂ ನಮ್ಮಲ್ಲಿ ರಕ್ತ ಹೊರಗೆ ಹೋಗುತ್ತಿದ್ದದ್ದು ಜೋಡಿಯಲ್ಲಿ.

ಇದು ಡಾ. ನರಹರಿಯವರ ಸಂಪ್ರದಾಯ. ಆಸ್ಪತ್ರೆಯ ಹಿರಿಯ ಸರ್ಜನ್. ವೈದಿಕರ ಮನೆತನ, ಹಣೆಯಲ್ಲಿ ಸಣ್ಣ ಅಕ್ಷತೆ, ಕೈಯಲ್ಲಿ ಅದ್ಭುತ ಗುಣ. ಅವರ ಹೊಲಿಗೆ ನೋಡಿದರೆ ದರ್ಜಿಗಳು ನಾಚಬೇಕು. ಕಿರಿಯರು ಯಾರಾದರೂ “ಸರ್, ರಕ್ತ ಎಷ್ಟು ಹಾಕ್ಸೋಣ?” ಎಂದು ಕೇಳಿದರೆ ಎರಡು ಸಲ ಗಂಟಲು ಸರಿಮಾಡಿಕೊಂಡು, “ಏನಯ್ಯಾ, ನಿಮ್ಮನೇಲಿ ತಾಂಬೂಲಕ್ಕೆ ಒಂಟಿ ಎಲೆ ಇಡ್ತಾರಾ? ಜೋ…ಡಿ!” ಅನ್ನುತ್ತಿದ್ದರು. ಆ ‘ಜೋ’ ಗರ್ಭಗುಡಿಯಿಂದ ಹೊರಟು ರಾಜಗೋಪುರದವರೆಗೆ ಹೋಗಿ ‘ಡಿ’ ಎಂದು ಗಂಟೆ ಹೊಡೆದ ಹಾಗಿರುತ್ತಿತ್ತು. ನಾನು ಅದನ್ನು ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ ಹೇಳಿ ಹೇಳಿ ಎಷ್ಟು ಜನಪ್ರಿಯ ಮಾಡಿದ್ದೆನೆಂದರೆ, ಹೌಸ್ ಸರ್ಜನ್ ಹುಡುಗರು ಕಾಫಿಯನ್ನೂ “ಜೋಡಿ” ಎಂದೇ ಕೇಳುತ್ತಿದ್ದರು. ಬರೆಯುವ ಚೀಟಿಯಲ್ಲೂ ಯೋಚನೆಯಿಲ್ಲದೆ ಎರಡು ಬೀಳುತ್ತಿತ್ತು. ಒಂದು ಕೆಟ್ಟ ಅಭ್ಯಾಸಕ್ಕೆ ಪ್ರಚಾರಕನೊಬ್ಬ ಪುಕ್ಕಟೆ ಸಿಕ್ಕಿದ್ದ.

ಇಡೀ ಆಸ್ಪತ್ರೆಯಲ್ಲಿ ನನಗೆ ಮಿಮಿಕ್ರಿಗೆ ಸಿಗದವರು ಒಬ್ಬರೇ, ನಮ್ಮ ರಕ್ತನಿಧಿಯ ಮುಖ್ಯಸ್ಥೆ ಡಾ. ವೀಣಾ. ಎಷ್ಟೋ ಸಲ ಪ್ರಯತ್ನಪಟ್ಟೆ. ದನಿ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಒಬ್ಬರ ಬಗ್ಗೆ “ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?” ಅಂತ ಕೇಳಿದರೆ, ಇನ್ನೊಬ್ಬರ ಬಗ್ಗೆ “ರಕ್ತ ಎಲ್ಲಿ ಸೋರ್ತಿದೆ ಮೊದಲು ಅದನ್ನ ಹೇಳಿ” ಅನ್ನೋರು. ಒಂದೇ ಮಾತು ಎರಡು ಸಲ ಆಡದವರನ್ನು ಅನುಕರಿಸುವುದು ಹೇಗೆ? ನಾನು ಅದನ್ನು ಅವರ ದೋಷವೆಂದೇ ತಿಳಿದಿದ್ದೆ.

ಏಪ್ರಿಲಿನ ಒಂದು ಮಧ್ಯಾಹ್ನ. ಡಾ. ವೀಣಾ ಶಿಬಿರಕ್ಕೆ ಜಾಗ ನೋಡಲು ಭದ್ರಾವತಿಗೆ ಹೋಗಿದ್ದರು. ಇಂಟರ್‌ಕಾಮ್ ಹೊಡೆದುಕೊಂಡಿತು. ನಮ್ಮ ನಂಬರಿಗೂ ಡಾ. ನರಹರಿಯವರ ಕೋಣೆಯ ನಂಬರಿಗೂ ಕೊನೆಯ ಅಂಕಿಯಷ್ಟೇ ವ್ಯತ್ಯಾಸ. ಎತ್ತಿದೆ. ಹೌಸ್ ಸರ್ಜನ್ ಚೇತನ್, ಹೊಸ ಹುಡುಗ, ತುಂಬಾ ವಿನಯ.

“ಸರ್, ಕಾಗದನಗರದ ಅಜ್ಜಿ ಸರ್. ಮೂಲವ್ಯಾಧಿ, ತುಂಬಾ ದಿನದಿಂದ ಸ್ವಲ್ಪ ಸ್ವಲ್ಪ ರಕ್ತ ಹೋಗಿದೆ. ಹಿಮೋಗ್ಲೋಬಿನ್ ಆರೂವರೆ. ಒಂದು ಹಾಕಿ ನೋಡ್ಲಾ ಸರ್?”

ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಒಂದು ಹಾಕಿ ನೋಡ್ಲಾ. ಇಡೀ ಕತೆಯ ನೀತಿ ಆ ಮೂರು ಪದದಲ್ಲಿತ್ತು. ಆದರೆ ನನಗೆ ಕೇಳಿಸಿದ್ದು ಬರೀ ಅವಕಾಶ. ಎರಡು ಸಲ ಗಂಟಲು ಸರಿಮಾಡಿಕೊಂಡೆ.

“ಏನಯ್ಯಾ, ನಿಮ್ಮನೇಲಿ ತಾಂಬೂಲಕ್ಕೆ ಒಂಟಿ ಎಲೆ ಇಡ್ತಾರಾ? ಜೋ…ಡಿ!”

ಆ ಕಡೆಯಿಂದ ನಗು ಬರುತ್ತದೆ, “ಥೂ, ನೀನಾ ಮಾರಾಯ” ಅನ್ನುತ್ತಾನೆ ಎಂದು ಕಾದೆ. “ಸರಿ ಸರ್” ಎಂದು ಫೋನಿಟ್ಟುಬಿಟ್ಟ.

ಕಾಲು ಗಂಟೆಯಲ್ಲಿ ಚೀಟಿ ಬಂತು. ಅಲಮೇಲಮ್ಮ, ಕಾಗದನಗರ, ಭದ್ರಾವತಿ. ಎರಡು ಬ್ಯಾಗು. ಕೆಳಗೆ ಚೇತನ್ ಸಹಿ. ಅಷ್ಟರೊಳಗೆ ತಿರುಗಿ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಒಂದು, ನಾಚಿಕೆ. ಇನ್ನೊಂದು, ಡಾ. ನರಹರಿಯವರನ್ನೇ ಕೇಳಿದ್ದರೂ ಅಕ್ಷರಶಃ ಇದೇ ಉತ್ತರ ಬರುತ್ತಿತ್ತಲ್ಲ ಎಂಬ ಸಮಾಧಾನ. ತಾಳೆ ನೋಡಿ, ಎರಡೂ ಬ್ಯಾಗನ್ನು ನನ್ನ ಕೈಯಾರೆ ಕೊಟ್ಟೆ.

ಅಜ್ಜಿಯ ತೂಕ ಒಂದು ಮೂಟೆ ಅಕ್ಕಿಯಷ್ಟೂ ಇರಲಿಲ್ಲ. ಹೃದಯ ಹಳೆಯದು. ಮೊದಲ ಬ್ಯಾಗು ಇಳಿಯಿತು, ಮುಖಕ್ಕೆ ಸ್ವಲ್ಪ ಗೆಲುವೂ ಬಂತಂತೆ. ಅಲ್ಲಿಗೆ ನಿಲ್ಲಿಸಿ ಒಮ್ಮೆ ಮುಖ ನೋಡಿದ್ದರೆ ಸಾಕಿತ್ತು. ಜೋಡಿಯಲ್ಲವೇ, ಹಿಂದೆಯೇ ಎರಡನೆಯದನ್ನೂ ಸಿಕ್ಕಿಸಿದರು. ತುಂಬಿದ ಕೊಡಕ್ಕೆ ನಲ್ಲಿ ಬಿಟ್ಟ ಹಾಗೆ. ಹೆಚ್ಚಾದದ್ದು ಶ್ವಾಸಕೋಶಕ್ಕೆ ನುಗ್ಗಿತು. ಸಂಜೆಯ ಹೊತ್ತಿಗೆ ಅಲಮೇಲಮ್ಮ ಮಲಗಲಾರದೆ ಎದ್ದು ಕೂತಿದ್ದರು, ಮಂಚದ ಕಂಬಿ ಹಿಡಿದು, ಬಾಯಿ ತೆರೆದು ಗಾಳಿಯನ್ನು ಕಚ್ಚಿ ಕಚ್ಚಿ ಎಳೆದುಕೊಳ್ಳುತ್ತ. ಐಸಿಯುಗೆ ಸಾಗಿಸಿದರು.

ಇಂಥದ್ದು ಆದಾಗ ಬ್ಯಾಗು ರಕ್ತನಿಧಿಗೆ ವಾಪಸ್ ಬರುತ್ತದೆ, ತಪ್ಪೆಲ್ಲಿ ಎಂದು ಹುಡುಕಲು. ಡಾ. ವೀಣಾ ಭದ್ರಾವತಿಯಿಂದ ನೇರವಾಗಿ ವಾರ್ಡಿಗೆ ಹೋಗಿ, ಆಮೇಲೆ ನನ್ನ ಬೆಂಚಿನ ಹತ್ತಿರ ಬಂದರು. ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿಸಿದರು.

“ಗುಂಪು ಸರಿ ಇದೆ. ತಾಳೆ ಸರಿ ಇದೆ. ರಕ್ತದಲ್ಲಿ ತಪ್ಪಿಲ್ಲ ಗಿರೀಶ್, ಅಳತೇಲಿ ತಪ್ಪಿದೆ,” ಅಂದರು. “ಒಂದು ಬ್ಯಾಗಿನ ಹೆಂಗಸಿಗೆ ಎರಡು ಯಾರು ಹೇಳಿದ್ದು?”

ನಾನು ಸ್ಲೈಡ್ ಒರೆಸುತ್ತ ನಿಂತೆ. ನೂರು ದನಿಯ ಗಿರೀಶನಿಗೆ ಒಂದೂ ಹೊರಡಲಿಲ್ಲ.

ಐಸಿಯುವಿನ ಗಾಜಿನಾಚೆಯಿಂದ ಅಲಮೇಲಮ್ಮನನ್ನು ನೋಡಿದೆ. ಮುಖವನ್ನೆಲ್ಲ ಮುಚ್ಚಿದ ಮಾಸ್ಕು, ಅದರ ಮೇಲೆ ಎರಡು ಕಣ್ಣು. ಅವು ಹೆದರಿದ್ದವು ಎಂದುಕೊಂಡೆ. ಇಲ್ಲ, ಸಿಟ್ಟಾಗಿದ್ದವು. ಮೂರನೆಯ ದಿನ ವಾರ್ಡಿಗೆ ಮರಳಿದರು. ಆ ಮೂರು ದಿನ ನಾನು ಯಾರ ದನಿಯನ್ನೂ ಮಾಡಲಿಲ್ಲ. ನನ್ನನ್ನು ಟೇಪು ಎಂದೇ ಕರೆಯುವ ಕ್ಯಾಂಟೀನಿನವನು “ಯಾಕೋ ಟೇಪು, ಕ್ಯಾಸೆಟ್ ಸಿಕ್ಕಾಕೊಂಡಿದೆಯಾ?” ಎಂದು ಕೇಳಿದ. ಮನೆಯಲ್ಲಿ ಅಮ್ಮ ಜ್ವರವೆಂದು ಹಣೆ ಮುಟ್ಟಿ ನೋಡಿದಳು.

ಮುಂದಿನ ವಾರ ರಕ್ತನಿಧಿಯ ಕಿಟಕಿಗೆ ಡಾ. ವೀಣಾ ಒಂದು ಹಾಳೆ ಅಂಟಿಸಿದರು. “ಒಂದು ಕೊಡಿ. ರೋಗಿಯನ್ನು ನೋಡಿ. ಬೇಕಾದರೆ ಇನ್ನೊಂದು ಕೇಳಿ. ಕಣ್ಣೆದುರು ರಕ್ತ ಸುರಿಯುತ್ತಿದ್ದರೆ ಈ ಹಾಳೆ ಓದಬೇಡಿ, ಓಡಿ ಬನ್ನಿ.”

ಅದು ಹಾಳೆಯಲ್ಲ, ಯುದ್ಧಘೋಷಣೆ. ವಾರ್ಡಿನಿಂದ ಕೆಂಪು ಶಾಯಿಯಲ್ಲಿ ‘ಎರಡು’ ಎಂದು ಅಡಿಗೆರೆ ಎಳೆದು ಚೀಟಿ ಬಂತು. ಒಂದೇ ಕೊಟ್ಟೆವು. ರೋಗಿಗಳ ಕಡೆಯವರು ಕಿಟಕಿಗೆ ಮುತ್ತಿದರು. “ರಕ್ತ ಹಾಕ್ಸಿದ್ರೆ ಮೈಗೆ ಶಕ್ತಿ ಬರುತ್ತೆ ಅಲ್ವಾ ಸ್ವಾಮಿ, ಜಾಸ್ತಿ ಹಾಕ್ಸಿದ್ರೆ ಏನ್ ಗಂಟು ಹೋಗುತ್ತೆ?” “ನಮ್ ಹುಡುಗ ಕೊಟ್ಟಿದ್ದಾನೆ ಕಣ್ರೀ, ಅವನ ರಕ್ತ ನಮ್ಮಪ್ಪಂಗೇ ಹಾಕಿ, ಸುಮ್ನೆ ಯಾಕೆ ಇಡ್ತೀರಿ?” ಮೊದಲು ಇಂಥವರನ್ನು ಕಂಡರೆ ನಾನು ಅವರದೇ ದನಿಯಲ್ಲಿ ಅಣಕಿಸುತ್ತಿದ್ದೆ. ಈಗ ಕಿಟಕಿಯಿಂದ ಹೊರಗೆ ಬಂದು, ರಕ್ತವೆಂದರೆ ಟಾನಿಕ್ ಅಲ್ಲ, ಇನ್ನೊಬ್ಬರ ಮೈಯ ತುಂಡು, ಬೇಕಾದಾಗ ಪ್ರಾಣ ಉಳಿಸುತ್ತದೆ, ಬೇಡವಾದಾಗ ಕಾಡುತ್ತದೆ ಎಂದು ಹೇಳುತ್ತಿದ್ದೆ. ಯಾರೂ ನಂಬುತ್ತಿರಲಿಲ್ಲ. ಆಗ ಸಕ್ರೆಬೈಲಿನ ಮಾವುತನ ದನಿ ತೆಗೆದೆ. “ಆನೆಗೆ ಕಬ್ಬು ಕೊಡ್ತೀವಿ ಅಂತ ಲಾರೀನೇ ಬಾಯಿಗಿಟ್ರೆ ಆಯ್ತಾ ಬುದ್ಧಿ?” ನಕ್ಕರು. ನಕ್ಕವರು ಕೇಳಿಸಿಕೊಂಡರು.

ಬೇಡದ್ದನ್ನು ಬೇಡ ಎಂದು ಹೇಳುವುದು ಒಂದು ರುಚಿ ಎಂದು ನನಗೆ ಆ ಬೇಸಿಗೆಯಲ್ಲಿ ಗೊತ್ತಾಯಿತು. ಎದುರಿಗಿರುವುದು ಎಷ್ಟು ದೊಡ್ಡ ಡಿಗ್ರಿಯೋ ಅಷ್ಟು ರುಚಿ.

ಆ ರುಚಿಯಲ್ಲೇ ಇನ್ನೊಂದು ಎಡವಟ್ಟಾಯಿತು. ಮೇ ತಿಂಗಳ ಮೊದಲಲ್ಲಿ ಒಂದು ಬೆಳಿಗ್ಗೆ ಇಂಟರ್‌ಕಾಮ್ ಎತ್ತಿದರೆ ಆ ಕಡೆಯಿಂದ ಎರಡು ಸಲ ಗಂಟಲು ಸರಿಮಾಡಿಕೊಳ್ಳುವ ಸದ್ದು. “ಏನಯ್ಯಾ, ಹರ್ನಿಯಾ ಪೇಷೆಂಟ್‌ಗೆ ಎರಡನೇ ಬ್ಯಾಗ್ ಯಾಕೆ ಕಳಿಸಿಲ್ಲ?”

ಚೇತನ್ ನನ್ನ ಮಿಮಿಕ್ರಿಯ ಮಿಮಿಕ್ರಿ ಮಾಡುತ್ತಿದ್ದಾನೆ ಎಂದುಕೊಂಡೆ. ಗುರುವಿಗೇ ತಿರುಮಂತ್ರವೇ? ಅದೇ ದನಿಯಲ್ಲಿ, ಇನ್ನೂ ಗಟ್ಟಿಯಾಗಿ ಕೊಟ್ಟೆ. “ಒಂದೇ ಸಾಕಯ್ಯಾ! ಮೊದ್ಲು ಹೋಗಿ ಪೇಷೆಂಟ್ ಮುಖ ನೋಡು, ಎದ್ದು ಕೂತು ಬಾಳೆಹಣ್ಣು ತಿಂತಿರ್ತಾನೆ!”

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ ಡಾ. ನರಹರಿ, ನಿಜವಾದ ಡಾ. ನರಹರಿ, ಕೇಳಿದರು. “ನನ್ನ ದನೀಲಿ ಮಾತಾಡ್ತಿರೋದು ಯಾರಯ್ಯಾ?”

ಮರುದಿನವೇ ಸಭೆ. ಆಡಳಿತಾಧಿಕಾರಿ ಮಧ್ಯದಲ್ಲಿ, ಒಂದು ಕಡೆ ಡಾ. ನರಹರಿ, ಇನ್ನೊಂದು ಕಡೆ ಡಾ. ವೀಣಾ, ಗೋಡೆಯ ಪಕ್ಕ ಚೇತನ್ ಮತ್ತು ನಾನು. ಅಣಕಿಸಿದ್ದಕ್ಕೆ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ ಎಂದು ತಲೆ ತಗ್ಗಿಸಿಕೊಂಡು ಹೋಗಿದ್ದೆ. ಡಾ. ನರಹರಿ ಆ ಮಾತೇ ಎತ್ತಲಿಲ್ಲ. ಕಿಟಕಿಯ ಹಾಳೆಯನ್ನು ಮೇಜಿನ ಮೇಲೆ ಇಟ್ಟರು.

“ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ತಾಲ್ಲೂಕು ಆಸ್ಪತ್ರೇಲಿದ್ದೆ. ಹೆರಿಗೆ ಆದ ಹೆಣ್ಣುಮಗಳು. ರಕ್ತ ನಿಲ್ಲಲಿಲ್ಲ. ನನ್ನ ಹತ್ರ ಇದ್ದಿದ್ದು ಒಂದು ಬಾಟಲು. ಇನ್ನೊಂದು ಶಿವಮೊಗ್ಗದಿಂದ ಬಸ್ಸಲ್ಲಿ ಬರಬೇಕಿತ್ತು. ಬಂತು. ಅವಳು ಇರಲಿಲ್ಲ. ಅವತ್ತಿನಿಂದ ನಾನು ಒಂದು ಅಂತ ಬರೆದಿಲ್ಲ. ಇದನ್ನ ಹಾಳೆ ಅಂಟಿಸಿ ಹೇಳಿಕೊಡೋಕೆ ಬರ್ತೀರಾ?”

ಇಷ್ಟು ವರ್ಷ ನಾನು ನಗಿಸಿದ ಆ ‘ಜೋಡಿ’ಯ ಹಿಂದೆ ಒಬ್ಬ ಹೆಣ್ಣುಮಗಳಿದ್ದಳು. ನನಗೆ ಅವರ ಗಂಟಲಿನ ಸದ್ದು ಮಾತ್ರ ಸಿಕ್ಕಿತ್ತು.

ಡಾ. ವೀಣಾ ಮೆಲ್ಲಗೆ ಅಂದರು. “ಆ ತಾಯಿಗೆ ನೀವು ಹತ್ತು ಕೇಳಿದ್ರೂ ನಾನು ಓಡಿ ಬಂದು ಕೊಡ್ತೀನಿ ಸರ್. ಕಾಗದನಗರದ ಅಲಮೇಲಮ್ಮ ಆ ತಾಯಿ ಅಲ್ಲ. ಅವರಿಗೆ ಎರಡು ಯಾಕೆ ಹೋಯ್ತು?”

ಚೇತನ್ ಎದ್ದು ನಿಂತ. “ನರಹರಿ ಸರ್ ಫೋನಲ್ಲಿ ಹೇಳಿದ್ರು ಮೇಡಂ. ನಾನು ಒಂದು ಅಂತ ಕೇಳಿದ್ದೆ.”

ಡಾ. ನರಹರಿ ಹುಬ್ಬು ಗಂಟಿಕ್ಕಿ ಸ್ವಲ್ಪ ಯೋಚಿಸಿದರು. “ಹೇಳಿರ್ತೀನಿ. ನೆನಪಿಲ್ಲ. ಆದ್ರೆ ನಾನು ಹೇಳೋದೇ ಅದು. ಹುಡುಗನ್ನ ಏನೂ ಅನ್ನಬೇಡಿ, ಜವಾಬ್ದಾರಿ ನಂದು.”

ಇದಕ್ಕೆ ಮಾತ್ರ ನಾನು ಸಿದ್ಧನಾಗಿರಲಿಲ್ಲ. ಆ ಮನುಷ್ಯ ತಾನು ಆಡದ ಮಾತಿಗೆ ತಲೆಕೊಡುತ್ತಿದ್ದರು. ಸುಮ್ಮನಿದ್ದರೆ ಬದುಕಿಕೊಳ್ಳುತ್ತಿದ್ದೆ. ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದಿಲ್ಲ.

“ಸರ್, ಅದು ನೀವಲ್ಲ. ನಾನು.”

“ಏನು ನೀನು?”

ಹೇಳಿದರೆ ನಂಬುವುದಿಲ್ಲ ಎಂದು ಮಾಡಿಯೇ ತೋರಿಸಿದೆ. ಗಂಟಲು, ತಾಂಬೂಲ, ಒಂಟಿ ಎಲೆ, ಜೋ…ಡಿ. ಆಡಳಿತಾಧಿಕಾರಿಗೆ ನಗು ಬಂದು, ಬಂದದ್ದು ಅರ್ಧದಲ್ಲೇ ಸತ್ತುಹೋಯಿತು. ಚೇತನ್ ನನ್ನನ್ನೇ ನೋಡುತ್ತ, “ಮಾರಾಯ… ನೀನಾ?” ಅಂದ. ಅವತ್ತು ಮಧ್ಯಾಹ್ನ ನಾನು ಕಾದಿದ್ದ ಮಾತು. ಒಂದು ತಿಂಗಳು ತಡವಾಗಿ, ನಗುವಿಲ್ಲದೆ ಬಂತು.

ಡಾ. ನರಹರಿ ಕನ್ನಡಕ ತೆಗೆದರು. “ನಾನು ಹೀಗೇ ಹೇಳ್ತೀನಾ?”

ಉತ್ತರ ಕೊಟ್ಟದ್ದು ಡಾ. ವೀಣಾ. “ಇವನು ಆ ಪೇಷೆಂಟ್‌ನ ನೋಡಿರ್ಲಿಲ್ಲ ಸರ್. ಆದ್ರೂ ನಿಮ್ಮ ಉತ್ತರ ಇವನ ಹತ್ರ ರೆಡಿ ಇತ್ತು.”

ಡಾ. ನರಹರಿ ಕನ್ನಡಕ ಒರೆಸಿದರು. ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. “ನೋಡೋಣ” ಅಂದು ಎದ್ದು ಹೋದರು.

ಆಡಳಿತಾಧಿಕಾರಿ ಒಳ್ಳೆಯವರು, ಅಂದರೆ ರಗಳೆ ಬೇಡದವರು. ಒಂದು ಪತ್ರ ಟೈಪು ಮಾಡಿಸಿ ನನ್ನ ಮುಂದಿಟ್ಟರು. ‘ದೂರವಾಣಿಯ ಗೊಂದಲದಿಂದಾಗಿ’ ಎಂದು ಶುರುವಾಗಿತ್ತು. “ಸಹಿ ಹಾಕಪ್ಪ, ಮುಗೀತು. ಲೈನ್ ಸರಿ ಇರ್ಲಿಲ್ಲ ಅಂತ.” ನಾನು ಪೆನ್ನು ತೆಗೆದುಕೊಂಡು ‘ದೂರವಾಣಿಯ’ ಎಂಬುದನ್ನು ಹೊಡೆದು ಹಾಕಿ, ಮೇಲೆ ‘ಗಿರೀಶನ ಬಾಯಿಯ’ ಎಂದು ಬರೆದು ಸಹಿ ಮಾಡಿದೆ. ಅವರ ಮುಖ ಕೆಂಪಾಯಿತು. “ಹೀರೋ ಆಗೋಕೆ ಹೊರಟಿದ್ದೀಯಾ?” ಅಂದರು. “ಇಲ್ಲ ಸರ್, ಸ್ವಂತ ದನಿ ಬರುತ್ತಾ ನೋಡ್ತಿದ್ದೀನಿ,” ಅಂದೆ. ಹದಿನೈದು ದಿನ ಕೆಲಸದಿಂದ ಹೊರಗೆ ಹಾಕಿದರು. ಡಾ. ವೀಣಾ ಅದರ ಜೊತೆ ಇನ್ನೊಂದು ಶಿಕ್ಷೆ ಸೇರಿಸಿದರು. “ಕಾಗದನಗರಕ್ಕೆ ಹೋಗಿ, ಅವರ ಮುಂದೆ ಕೂತು, ಇದನ್ನೇ ಹೇಳಿ ಬಾ.”

ಭದ್ರಾವತಿ ಬಸ್ಸಿನಲ್ಲಿ ಕೂತು, ಇಷ್ಟು ದಿನ ನಾನು ಅಣಕಿಸಿದ ಕಂಡಕ್ಟರನಿಂದಲೇ ಟಿಕೆಟ್ ತೆಗೆದುಕೊಂಡೆ. ದನಿ ನಾನು ಮಾಡುತ್ತಿದ್ದದ್ದಕ್ಕಿಂತ ಬಹಳ ದಣಿದಿತ್ತು. ಕಾಗದನಗರದಲ್ಲಿ ಇಳಿದರೆ ಸಾಲು ಸಾಲು ಕ್ವಾರ್ಟರ್ಸು, ಸುಣ್ಣ ಉದುರಿದ ಗೋಡೆಗಳು, ನೆರಳು ಮಾತ್ರ ಧಾರಾಳ. ಅಲಮೇಲಮ್ಮ ಅಲ್ಲಿನ ಕಾಗದದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅದರ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದವರು. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಅಲಮೇಲಮ್ಮನಿಗೆ ಡಾ. ವೀಣಾ ವಾರಕ್ಕೊಮ್ಮೆ ಕಬ್ಬಿಣಾಂಶದ ಇಂಜೆಕ್ಷನ್ ಹಾಕಿಸುತ್ತಿದ್ದರು, ಜೋನಿ ಬೆಲ್ಲವನ್ನು ನೀರಿಗೆ ಕಲಸಿದ ಬಣ್ಣದ್ದು. ಅದರಿಂದ ಅವರ ತುಟಿಗೆ ತಮ್ಮದೇ ರಕ್ತದ ಬಣ್ಣ ಬರತೊಡಗಿತ್ತು.

ಎಲ್ಲ ಹೇಳಿದೆ. ತಾಂಬೂಲದ ಮಾತಿನ ಸಮೇತ. ಅವರು ಸೊಪ್ಪು ಬಿಡಿಸುತ್ತಲೇ ಇದ್ದರು.

“ಮಾಡು ನೋಡೋಣ, ತಂಬಿ. ಆ ಡಾಕ್ಟ್ರ ವಾಯ್ಸು.”

“ಬೇಡಮ್ಮ…”

“ನನ್ನ ಸಾಯ್ಸಕ್ ಹೋದ ವಾಯ್ಸ್ ನಾನ್ ಕೇಳ್ಬಾರ್ದಾ? ಮಾಡು.”

ಮಾಡಿದೆ. ಅಲಮೇಲಮ್ಮ ನಕ್ಕರು. ನಕ್ಕೂ ನಕ್ಕೂ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಆಮೇಲೆ ಕೈ ಚಾಚಿ ನನ್ನ ಕಿವಿ ಹಿಡಿದು, ನಲ್ಲಿ ತಿರುಪಿನ ಹಾಗೆ ತಿರುಗಿಸಿದರು. ಆ ತೂಕದ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ!

“ಇದು ತಮಾಷೆ ಮಾಡಿದ್ದಕ್ಕಲ್ಲ. ತಿರ್ಗಾ ಪೋನ್ ಮಾಡ್ದೆ ಇದ್ಯಲ್ಲ, ಅದಕ್ಕೆ.”

ಒಳಗಿನಿಂದ ಅವರ ಮಗ ಕುಮಾರ್ ಬಂದ. ಆಟೋ ಓಡಿಸುತ್ತಾನೆ. ಅವನಿಗೆ ನನ್ನ ತಪ್ಪಿಗಿಂತ ನಮ್ಮ ಹಾಳೆಯ ಮೇಲೆ ಹೆಚ್ಚು ಸಿಟ್ಟು. “ತಿಂಗಳ ಕೊನೇಲಿ ಅಮ್ಮಂಗೆ ಮೂಲವ್ಯಾಧಿ ಆಪರೇಷನ್. ನರಹರಿ ಡಾಕ್ಟ್ರು ರಕ್ತ ಕಮ್ಮಿ ಇದೆ ಅಂತಾರೆ, ನಿಮ್ ಮೇಡಂ ಕೊಡಲ್ಲ ಅಂತಾರೆ. ನಾನು ನನ್ ಫ್ರೆಂಡ್ಸ್ ಇಬ್ರನ್ನ ಕರ್ಕೊಂಡ್ ಬರ್ತೀನಿ ಕಣ್ರೀ. ಕೊಡೋರಿದ್ರೂ ಹಾಕಲ್ಲ ಅಂದ್ರೆ ಏನ್ ನ್ಯಾಯ? ನಾಳೆ ಅಮ್ಮಂಗೆ ಏನಾದ್ರೂ ಆದ್ರೆ?”

“ಡೇಯ್, ಸುಮ್ನಿರು,” ಅಂದರು ಅಲಮೇಲಮ್ಮ. “ಕ್ಯಾಂಟೀನಲ್ಲಿ ನಾನು ಸಾಂಬಾರ್ ಹೆಂಗ್ ಬಡಿಸ್ತಿದ್ದೆ? ಒಂದು ಸೌಟು. ಇನ್ನೊಂದು ಕೇಳ್ದವನಿಗೆ, ಮೊದ್ಲು ತಟ್ಟೆ ತೋರ್ಸು ಅಂತಿದ್ದೆ. ತಟ್ಟೇಲಿ ಸಾಂಬಾರ್ ಹಂಗೇ ಇಟ್ಕೊಂಡು ಕೇಳ್ದೋನಿಗೆ ಸೌಟಲ್ಲೇ ಹೊಡೀತಿದ್ದೆ. ಆ ಮೇಡಂ ಹೇಳೋದೂ ಅದೇ ಅಲ್ವಾ?”

ಹಾಳೆಯನ್ನು ಅದಕ್ಕಿಂತ ಚೆನ್ನಾಗಿ ಯಾರೂ ಓದಿರಲಿಲ್ಲ. ಹೊರಡುವಾಗ ಅವರು ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಇನ್ನೊಂದು ಕೇಳುವ ಧೈರ್ಯವಾಗಲಿಲ್ಲ.

ಮೇ ಕೊನೆಯ ವಾರ. ಮೊದಲ ಅಡ್ಡಮಳೆ ಬಿದ್ದು ಊರಿಗೆಲ್ಲ ಕಾದ ಡಾಂಬರಿನ ವಾಸನೆ. ನಾನು ಕೆಲಸಕ್ಕೆ ಮರಳಿದ ಎರಡನೆಯ ದಿನ, ಅಲಮೇಲಮ್ಮ ಮರುದಿನದ ಆಪರೇಷನ್ನಿಗಾಗಿ ವಾರ್ಡಿಗೆ ಸೇರಿದರು. ತಾಳೆ ನೋಡಲು ಅವರ ರಕ್ತದ ಮಾದರಿ ತೆಗೆಯಲು ಹೋಗಿದ್ದೆ. ಮುಂದೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಯ ಮಾತು ನನ್ನದಾಗಬಾರದು. ಆಪರೇಷನ್ ಆಯಿತು. ಡಾ. ನರಹರಿಯವರ ಕೈಯಲ್ಲಿ ಒಂದು ಚಮಚದಷ್ಟೂ ರಕ್ತ ಹೋಗಲಿಲ್ಲ. ಬೇಕಾದರೆ ಇರಲಿ ಎಂದು ಸಿದ್ಧ ಮಾಡಿಟ್ಟಿದ್ದ ಒಂದೇ ಒಂದು ಬ್ಯಾಗು ಫ್ರಿಜ್ಜಿನಿಂದ ಕದಲಲಿಲ್ಲ. ಈಗ ಆಸ್ಪತ್ರೆಯಲ್ಲಿ ಜೋಡಿ ಎಂದರೆ ಕಾಫಿ ಮಾತ್ರ. ಚೇತನ್ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದ, ಆಮೇಲೆ ಆಡಿದ. ನಾನು ಮಿಮಿಕ್ರಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಫೋನ್ ಎತ್ತಿದರೆ “ರಕ್ತನಿಧಿ, ಗಿರೀಶ” ಎಂದು ನನ್ನದೇ ದನಿಯಲ್ಲಿ ಹೇಳುತ್ತೇನೆ. ಕೇಳಿದವರು ಇವನು ಯಾರನ್ನು ಅನುಕರಿಸುತ್ತಿದ್ದಾನೆ ಎಂದು ಅನುಮಾನಪಡುತ್ತಾರೆ.

ಆದರೆ ಅವತ್ತು ಬೆಳಿಗ್ಗೆ ಇದ್ಯಾವುದೂ ನಿಶ್ಚಯವಾಗಿರಲಿಲ್ಲ. ಡಾ. ನರಹರಿ ರೌಂಡ್ಸಿಗೆ ಬಂದರು, ಹಿಂದೆ ಚೇತನ್. ಡಾ. ವೀಣಾ ಆಗಲೇ ಮಂಚದ ಪಕ್ಕದಲ್ಲಿದ್ದರು. ಕುಮಾರ್ ತನ್ನ ಇಬ್ಬರು ಗೆಳೆಯರನ್ನು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದ, ಇಬ್ಬರೂ ಆಗಲೇ ಅಂಗಿಯ ತೋಳು ಮಡಚಿ ತಯಾರು.

ಡಾ. ನರಹರಿ ಚಾರ್ಟ್ ನೋಡಿದರು. “ಹಿಮೋಗ್ಲೋಬಿನ್ ಒಂಬತ್ತೂಕಾಲು. ಹತ್ತು ಆಗಿಲ್ಲ. ಇವತ್ತು ಎರಡು ಹಾಕಿಬಿಡೋಣ, ಈ ಸಲ ನಿಧಾನವಾಗಿ. ನಾಳೆ ಟೇಬಲ್ ಮೇಲೆ ನನಗೆ ಚಿಂತೆ ಬೇಡ.”

“ಸರ್,” ಚೇತನ್ ಹೇಳಿದ, “ಆಯಾಸ ಇಲ್ಲ, ಊತ ಇಲ್ಲ. ಲಿಫ್ಟ್ ಬೇಡ ಅಂದು ಮೆಟ್ಟಿಲು ಹತ್ತಿ ಬಂದಿದ್ದಾರೆ.”

“ಒಂದು ಸಿದ್ಧ ಇಟ್ಟಿರ್ತೀನಿ ಸರ್,” ಅಂದರು ಡಾ. ವೀಣಾ. “ನೀವು ಕೈ ಎತ್ತಿದ್ರೆ ಥಿಯೇಟರ್ ಬಾಗಿಲಿಗೆ ಗಿರೀಶ್ ಓಡಿ ಬರ್ತಾನೆ. ಇಲ್ಲಿ ಯಾವ ಬ್ಯಾಗೂ ಬಸ್ಸಲ್ಲಿ ಬರಬೇಕಾಗಿಲ್ಲ.”

ಬಸ್ಸಿನ ಮಾತಿಗೆ ಡಾ. ನರಹರಿಯವರ ಮುಖ ಒಂದು ಕ್ಷಣ ಸಡಿಲವಾಯಿತು. ಅಷ್ಟರಲ್ಲಿ ಕುಮಾರ್ ಮುಂದೆ ಬಂದ. “ಡಾಕ್ಟ್ರೇ, ನೀವ್ ಹೇಳ್ದಂಗೇ ಆಗ್ಲಿ. ಕೊಡೋರು ಇಲ್ಲೇ ನಿಂತವ್ರೆ. ಜೋಡೀನೇ ಇದ್ದಾರೆ ನೋಡಿ!”

ಅವರಿಗೆ ಬಲ ಬಂತು. ಮೂವತ್ತು ವರ್ಷದ ಅಭ್ಯಾಸ ನೆಟ್ಟಗೆ ಎದ್ದು ನಿಂತಿತು. ಎರಡು ಸಲ ಗಂಟಲು ಸರಿಮಾಡಿಕೊಂಡರು. ನಾನು ಸಿರಿಂಜು ಹಿಡಿದು ನೆಲ ನೋಡಿದೆ. ಅವರು ಮಂಚದ ಕಡೆ ಬಾಗಿ, ಪ್ರೀತಿಯಿಂದಲೇ, ಆ ನನಗೆ ಬಾಯಿಪಾಠವಾದ ದನಿಯಲ್ಲೇ ಹೇಳಿದರು. “ಅಮ್ಮಾ, ನೀವೇ ಹೇಳಿ. ತಾಂಬೂಲಕ್ಕೆ ಯಾರಾದ್ರೂ ಒಂಟಿ ಎಲೆ ಇಡ್ತಾರಾ? ಜೋಡಿ ತಾನೇ ಕೊಡೋದು?”

ಅಲಮೇಲಮ್ಮ ಎದ್ದು ಕೂತರು. ಸೆರಗು ಸರಿಮಾಡಿಕೊಂಡು, ಕ್ಯಾಂಟೀನಿನಲ್ಲಿ ಸೌಟು ಎತ್ತಿದವರ ಹಾಗೆ ಬಲಗೈ ಎತ್ತಿ ಅಂದರು:

“ತಾಂಬೂಲ ಕೊಡೋದು ಊಟ ಆದೋರ್ನ ಮನೆಯಿಂದ ಕಳ್ಸಕ್ಕೆ ಅಲ್ವಾ ಡಾಕ್ಟ್ರೇ? ನಂದಿನ್ನೂ ಊಟ ಮುಗ್ದಿಲ್ಲ.”